ಮತದಾರರ ಕುರ್ಚಿ

ನನ್ನ ಬೀಗರು ಜರ್ಮನಿಯ ಪಾರ್ಲಿಮೆಂಟಿನಲ್ಲಿ ಸದಸ್ಯರಾಗಿದ್ದವರು. ಹೀಗೆಂದರೆ ಎಡಿಸನ್ ಊರಿನ ನನ್ನ ಸ್ನೇಹಿತೆಯರು ಮೊದಲು ನಗುತ್ತಿದ್ದರು. ಆಮೇಲೆ, "ಹಾಗಾದ್ರೆ ಹಿಂದೆ ಮುಂದೆ ಕಾರು, ಪೊಲೀಸು ಎಲ್ಲಾ ಇತ್ತೇನ್ರೀ?" ಎಂದು ಕೇಳುತ್ತಿದ್ದರು. ಏನೂ ಇರಲಿಲ್ಲ. ರೈಲಿನಲ್ಲಿ ಓಡಾಡಿದ ಮನುಷ್ಯ. ಅಧಿವೇಶನದ ವಾರಗಳಲ್ಲಿ ಸೋಮವಾರ ಬರ್ಲಿನ್ನಿಗೆ ಹೋದರೆ ಶುಕ್ರವಾರ ಮಧ್ಯಾಹ್ನ ವಾಪಸ್ಸು. ಸ್ಟೇಷನ್ನಿನಿಂದ ಮನೆಗೂ ಹೋಗದೆ ಒಂದು ಬೇಕರಿಯ ಹಿಂದಿನ ಕೋಣೆಗೆ ಹೋಗಿ, ತಮ್ಮ ಕ್ಷೇತ್ರದ ಜನರ ಅಹವಾಲು ಕೇಳುತ್ತಾ ಸಂಜೆಯವರೆಗೆ ಕೂರುತ್ತಿದ್ದರಂತೆ. ಅಲ್ಲಿಯ ಸದಸ್ಯರೆಲ್ಲ ಹಾಗೆ ಒಂದು ಹೊತ್ತು ಗೊತ್ತುಮಾಡಿಕೊಂಡು ಕೂರುವುದು ವಾಡಿಕೆ. ಯಾರು ಬೇಕಾದರೂ ಬಂದು ಎದುರಿನ ಕುರ್ಚಿಯಲ್ಲಿ ಕೂರಬಹುದು.

ಹೆಂಡತಿ ತೀರಿಹೋಗಿ, ಚುನಾವಣೆಯನ್ನೂ ಸೋತು, ಮರೆವು ಶುರುವಾದ ಮೇಲೆ ಅವರ ಮಗ, ಅಂದರೆ ನನ್ನ ಅಳಿಯ, ಅವರನ್ನು ನಮ್ಮ ಊರು ಫೋರ್ಟ್ ಲೀಗೆ ಕರೆದುಕೊಂಡು ಬಂದ. ಅದೇ ಕಟ್ಟಡದಲ್ಲಿ ಮಗಳ ಮನೆಯ ಕೆಳಗಿನ ಮಹಡಿಯಲ್ಲಿ ನಾನಿದ್ದೇನೆ. ಆಸ್ಪತ್ರೆಯ ಲ್ಯಾಬಿನಲ್ಲಿ ದುಡಿದು ರಿಟೈರ್ ಆದವಳು, ಒಬ್ಬಳೇ ಇರುವವಳು. ಹಗಲೆಲ್ಲ ಬೀಗರ ಉಸ್ತುವಾರಿ ನನ್ನ ಪಾಲಿಗೆ ಬಂತು. ನನಗೆ ಜರ್ಮನ್ ಬಾರದು, ಅವರಿಗೆ ಕನ್ನಡ ಬಾರದು. ಇಬ್ಬರೂ ಅವರವರ ಇಂಗ್ಲಿಷಿನಲ್ಲಿ ಹೇಗೋ ನಿಭಾಯಿಸಿದೆವು.

ಬೀಗರು ಕಿಟಕಿಯ ಪಕ್ಕ ಕುಳಿತು ಮ್ಯಾನ್‌ಹಟನ್ನಿಗೆ ಹೋಗುವ ಸೇತುವೆಯ ಮೇಲೆ ನಿಂತ ಟ್ರಾಫಿಕ್ ನೋಡುತ್ತಾ ಹಳೆಯದನ್ನೆಲ್ಲ ಹೇಳುತ್ತಿದ್ದರು. ದೊಡ್ಡ ವಿಷಯಗಳಿಗೆ ಹೆಸರಿರುವ ಕಾರ್ಡು ಹಾಕಿ ಮತ ಚಲಾಯಿಸುತ್ತಿದ್ದರಂತೆ. ನೀಲಿ ಎಂದರೆ ಹೌದು, ಕೆಂಪು ಎಂದರೆ ಇಲ್ಲ, ಬಿಳಿ ಎಂದರೆ ತಟಸ್ಥ. "ನನ್ನ ಸಾರಿಗೆ ಯಾವ ಕಾರ್ಡು?" ಎಂದು ಕೇಳಿದೆ. ತುಂಬಾ ಯೋಚಿಸಿ, "ಬಿಳಿ" ಎಂದರು. ಬೀಗರಾದವರು ಹೆಣ್ಣಿನ ತಾಯಿಗೆ ಹೇಳುವ ಮಾತೇ ಇದು? ಆದರೆ ಸುಳ್ಳು ಹೇಳುವ ಅಭ್ಯಾಸವೇ ಆ ಮನುಷ್ಯನಿಗೆ ಇರಲಿಲ್ಲ. ಸೀಟು ಹೋಗಿದ್ದೂ ಅದರಿಂದಲೇ. ಊರಿನ ಪಿಂಗಾಣಿ ಕಾರ್ಖಾನೆ ಮುಚ್ಚಿದಾಗ ಎದುರಾಳಿ, ನನ್ನನ್ನು ಗೆಲ್ಲಿಸಿ, ಅದನ್ನು ತೆರೆಸುತ್ತೇನೆ ಎಂದ. ಇವರು ವೇದಿಕೆ ಹತ್ತಿ, ಅದು ಇನ್ನು ತೆರೆಯುವುದಿಲ್ಲ, ನಾನು ಭರವಸೆ ಕೊಡುವುದಿಲ್ಲ ಎಂದರು. ಜನ ಎದುರಾಳಿಯನ್ನು ಗೆಲ್ಲಿಸಿದರು. ಕಾರ್ಖಾನೆ ಮುಚ್ಚಿಯೇ ಇದೆ.

ಕೆಳಗಿನ ಲಾಬಿಯ ಪಕ್ಕ ಯಾರೂ ಬಳಸದ ಒಂದು ಕಮ್ಯೂನಿಟಿ ರೂಮ್ ಇದೆ. ಒಂದು ಶುಕ್ರವಾರ ಬೀಗರು ಕೋಟು ಹಾಕಿಕೊಂಡು ಇಳಿದುಹೋಗಿ, ಮೇಜಿನ ಆಚೆ ಈಚೆ ಎರಡು ಕುರ್ಚಿ ಹಾಕಿ, ಒಂದರಲ್ಲಿ ಕುಳಿತುಬಿಟ್ಟರು. ಯಾರೂ ಬರಲಿಲ್ಲ. ಮುಂದಿನ ಶುಕ್ರವಾರವೂ ಹಾಗೆಯೇ. ಮಗಳು, "ಅಮ್ಮಾ, ದಿಸ್ ಈಸ್ ಸೋ ಸ್ಯಾಡ್, ಅವರನ್ನ ಮೇಲೆ ಕರ್ಕೊಂಡು ಬಾ" ಎಂದಳು. ನನಗೆ ಕರೆಯಲು ಮನಸ್ಸು ಬರಲಿಲ್ಲ. ನಾನಿರುವ ಕಟ್ಟಡದಲ್ಲಿ ಬೀಗರು ಖಾಲಿ ಕುರ್ಚಿ ನೋಡುತ್ತಾ ಕೂರುವುದೆಂದರೆ ಖಾಲಿ ಎಲೆಯ ಮುಂದೆ ಕೂರಿಸಿದ ಹಾಗೆ. ಅವರಿಗೆ ಊಟ ಹಿಡಿಸದಿದ್ದರೆ ಬೇಡ, ಜನರನ್ನಾದರೂ ಬಡಿಸೋಣ ಎಂದುಕೊಂಡೆ.

ಟ್ರೈನಿನಲ್ಲಿ ಬರುವಷ್ಟು ದೂರದ ಹಿಕ್ಸ್‌ವಿಲ್‌ನಲ್ಲಿ, ಎಲ್ಲರೂ ಅಂಕಲ್ ಎನ್ನುವ ನಮ್ಮ ಪರಿಚಯದವರೊಬ್ಬರು ಇದ್ದಾರೆ. ಅವರಿಗೆ ಫೋನ್ ಮಾಡಿ, ಶುಕ್ರವಾರ ಬಂದು ಬೀಗರ ಎದುರು ಕೂತು ಏನಾದರೂ ಅಹವಾಲು ಹೇಳಿಕೊಳ್ಳಿ ಎಂದೆ.

"ಅಲ್ಲಾ ರೀ, ನಾನು ಅವರಿಗೆ ವೋಟ್ ಹಾಕಿದವನೇ ಅಲ್ಲ. ಏನಂತ ಹೇಳ್ಕೊಳ್ಳಲಿ?"

"ಏನಾದ್ರೂ ಹೇಳ್ಕೊಳ್ಳಿ. ನಿಮ್ಮ ಹತ್ರ ಕಂಪ್ಲೇಂಟಿಗೇನು ಬರಗಾಲವೇ?"

ಬಂದರು. ಟ್ರೈನು ಲೇಟಾಗುವುದರಿಂದ ಶುರು ಮಾಡಿ, ಹೆಂಡತಿ ಹೋದ ಮೇಲೆ ಮನೆಯಲ್ಲಿ ಟಿವಿ ಆಫ್ ಮಾಡಲು ಭಯವಾಗುತ್ತದೆ ಎಂಬಲ್ಲಿಗೆ ಬಂದು ನಿಂತರು. ಇಷ್ಟು ವರ್ಷ ಪರಿಚಯವಿದ್ದೂ ಅದು ನನಗೆ ಗೊತ್ತಿರಲಿಲ್ಲ. ಬೀಗರು ನಡುವೆ ಬಾಯಿ ಹಾಕದೆ ಕೇಳಿದರು. ಕೊನೆಗೆ, "ಇದನ್ನ ಸರಿಮಾಡೋದು ನನ್ನ ಕೈಲಿಲ್ಲ. ಭರವಸೆ ಕೊಡೋದಿಲ್ಲ. ಆದ್ರೆ ನೀವು ಹೇಳಿದ್ದನ್ನ ಪೂರ್ತಿ ಕೇಳಿದೀನಿ" ಎಂದು ಎದ್ದು ಕೈಕುಲುಕಿದರು. ಮುಂದಿನ ವಾರ ಅಂಕಲ್ ನಾನು ಕರೆಯದೆಯೇ ಬಂದರು. ನಿಧಾನವಾಗಿ ಬೇರೆಯವರೂ ಬಂದರು, ವೀಸಾದ ಗೋಳಿನವರು, ಸೊಸೆಯ ಗೋಳಿನವರು. ನಾನು ಮೂಲೆಯಲ್ಲಿ ಕಾಫಿ ಫ್ಲಾಸ್ಕ್ ಇಟ್ಟುಕೊಂಡು ಕೂರುತ್ತಿದ್ದೆ.

ಬಾರದವನೆಂದರೆ ಅಳಿಯ ಒಬ್ಬನೇ. ಮ್ಯಾನ್‌ಹಟನ್ನಿನಿಂದ ಬಂದವನು ಆ ಬಾಗಿಲ ಕಡೆ ನೋಡದೆ ನೇರ ಲಿಫ್ಟಿಗೆ ಹೋಗುತ್ತಿದ್ದ. ನನ್ನ ಬಾಯಿ ಜೋರು, ಸುಮ್ಮನಿರಲು ಆಗುವುದಿಲ್ಲ. ಒಂದು ದಿನ ಕಾರಿನಲ್ಲಿ ಕೇಳಿಯೇಬಿಟ್ಟೆ. "ಊರವರ ಗೋಳನ್ನೆಲ್ಲ ನಿಮ್ಮಪ್ಪ ಕೇಳ್ತಾರೆ. ನಿನಗೆ ಒಂದು ನಿಮಿಷ ಅಲ್ಲಿ ಕೂರೋಕಾಗಲ್ವಾ?"

ಅವನು ರಸ್ತೆಯನ್ನೇ ನೋಡುತ್ತಾ ಹೇಳಿದ. "ಊರಲ್ಲೂ ಅಪ್ಪನ ಎದುರಿನ ಆ ಕುರ್ಚಿಯಲ್ಲಿ ನಾನು ಯಾವತ್ತೂ ಕೂತಿಲ್ಲ. ಅದು ಮತದಾರರದ್ದು ಅಂತ ಅಮ್ಮ ಹೇಳ್ತಿದ್ದಳು."

ಆಮೇಲೆ ಉಳಿದದ್ದನ್ನೂ ಹೇಳಿದ. ತಾಯಿ ಆಸ್ಪತ್ರೆಯಲ್ಲಿ ಕೊನೆಯ ಸ್ಥಿತಿಯಲ್ಲಿದ್ದಾಗ ಬರ್ಲಿನ್ನಿನಲ್ಲಿ ಆ ಕಾರ್ಖಾನೆಗೆ ನೆರವು ಕೊಡುವ ಮತದಾನವಿತ್ತಂತೆ. ಮತ ಹಾಕಿ ನಾಳೆ ಬರುತ್ತೇನೆ ಎಂದು ಅಪ್ಪ ಅಲ್ಲೇ ಉಳಿದರು. ನೆರವಿನ ಪ್ರಸ್ತಾಪವೂ ಬಿದ್ದುಹೋಯಿತು, ತಾಯಿಯೂ ಹೋದಳು. ಅದರ ಬಗ್ಗೆ ಅಪ್ಪ ಇವತ್ತಿನವರೆಗೆ ಒಂದು ಮಾತಾಡಿಲ್ಲ. "ಯಾಕೆ ಬರಲಿಲ್ಲ ಅಂತ ಒಂದು ಸಲ ಕೇಳ್ಬೇಕು. ಅವರಿಗೆ ನಾನು ಯಾರು ಅಂತ ಗೊತ್ತಿರುವಾಗಲೇ ಕೇಳ್ಬೇಕು."

"ಹಾಗಾದ್ರೆ ಯಾವ ಮುಹೂರ್ತಕ್ಕೆ ಕಾಯ್ತಿದೀಯಪ್ಪಾ?" ಎಂದೆ. ಸಿಟ್ಟಿನಲ್ಲಿ ಅಂದದ್ದಲ್ಲ, ನನಗೆ ನಿಜಕ್ಕೂ ದಿಗಿಲಾಗಿತ್ತು. ಆ ಹೊತ್ತಿಗಾಗಲೇ ಬೀಗರು ನನ್ನನ್ನು ದಿನಾ ಹೊಸದಾಗಿ ಪರಿಚಯ ಮಾಡಿಕೊಳ್ಳುತ್ತಿದ್ದರು.

ಚಳಿಗಾಲದ ಒಂದು ಶುಕ್ರವಾರ ಹಿಮ ಮಳೆ ಎರಡೂ ಬೀಳುತ್ತಿತ್ತು, ಯಾರೂ ಬಂದಿರಲಿಲ್ಲ. ಅಳಿಯ ಒದ್ದೆ ಕೋಟಿನಲ್ಲಿ ಬಾಗಿಲಿಗೆ ಬಂದು ಸ್ವಲ್ಪ ಹೊತ್ತು ನಿಂತ. ಬೀಗರು ಎದ್ದು ಕೋಟಿನ ಗುಂಡಿ ಹಾಕಿಕೊಂಡು ಕೈ ಚಾಚಿದರು. "ಬನ್ನಿ, ಕೂತ್ಕೊಳ್ಳಿ. ಎಲ್ಲಿಂದ ಬಂದ್ರಿ?"

ಇಂಗ್ಲಿಷಿನಲ್ಲಿ ಕೇಳಿದರು. ಅಪ್ಪ ಮಗ ಒಂದು ದಿನವೂ ಜರ್ಮನ್ ಬಿಟ್ಟು ಮಾತಾಡಿದ್ದನ್ನು ನಾನು ಕೇಳಿರಲಿಲ್ಲ. ಇಂಗ್ಲಿಷ್ ಇದ್ದದ್ದು ಹೊರಗಿನವರಿಗೆ. ಅಳಿಯ ಮುಖ ತಿರುಗಿಸಿ ಹೊರಟುಹೋಗುತ್ತಾನೆ ಎಂದುಕೊಂಡೆ. ಅವನು ಅಪ್ಪನ ಕೈ ಕುಲುಕಿ, ಆ ಕುರ್ಚಿಯಲ್ಲಿ ಕುಳಿತ.

"ಇದೇ ಕಟ್ಟಡ" ಎಂದು ಇಂಗ್ಲಿಷಿನಲ್ಲೇ ಹೇಳಿದ. "ನನ್ನ ದೂರು ನಮ್ಮ ಅಪ್ಪನ ಮೇಲೆ."

"ಹೇಳಿ."

ಹೇಳಿದ. ಆಸ್ಪತ್ರೆ, ಮತದಾನ, ನಾಳೆ ಬರುತ್ತೇನೆ ಎಂದ ಫೋನು, ತಾಯಿ ಬಾಗಿಲು ನೋಡುತ್ತಲೇ ಇದ್ದದ್ದು. ಬೀಗರು ಮುಂದಕ್ಕೆ ಬಾಗಿ, ಒಂದು ಸಲವೂ ಕಣ್ಣು ತೆಗೆಯದೆ ಕೇಳಿದರು. ಅಪ್ಪ ಹಾಗೆ ತನ್ನ ಮಾತು ಕೇಳಬೇಕೆಂದು ಅವನು ಹುಟ್ಟಿದಾಗಿನಿಂದ ಕಾದಿದ್ದ. ನಾನು ಅಳು ತಡೆಯಲಾಗದೆ ಫ್ಲಾಸ್ಕಿನ ಮುಚ್ಚಳ ತಿರುಗಿಸುತ್ತಾ ಕುಳಿತೆ.

"ನಿಮ್ಮ ತಂದೆ ಏನು ಕೆಲಸದಲ್ಲಿದ್ರು?"

"ಪಾರ್ಲಿಮೆಂಟಿನಲ್ಲಿ."

ಬೀಗರು ತಲೆಯಾಡಿಸಿದರು. "ಹಾಗಾದ್ರೆ ಅವರ ಹತ್ತಿರ ಒಳ್ಳೆಯ ಕಾರಣ ಒಂದು ಸಿದ್ಧ ಇರುತ್ತೆ. ನೀವು ಅದನ್ನ ಒಪ್ಕೋಬೇಡಿ."

ಬೀಗರು ಎದ್ದರು. ಈಗ ಎಂದಿನ ಮಾತು ಬರುತ್ತದೆ, ನನ್ನ ಕೈಲಿಲ್ಲ, ಭರವಸೆ ಕೊಡೋದಿಲ್ಲ ಎನ್ನುತ್ತಾರೆ ಎಂದು ಕಾದೆ. ಅವರು ಅವನ ಕೈಯನ್ನು ತಮ್ಮ ಎರಡೂ ಕೈಗಳಲ್ಲಿ ಹಿಡಿದುಕೊಂಡರು.

"ಅವರ ಹತ್ತಿರ ನಾನೇ ಮಾತಾಡ್ತೀನಿ. ಇದು ನನ್ನ ಭರವಸೆ."

ರಾತ್ರಿ ಮಗಳ ಮನೆಯಲ್ಲಿ ಎಲ್ಲರೂ ಊಟಕ್ಕೆ ಕುಳಿತಾಗ ಬೀಗರು ನನ್ನ ಕಡೆ ತಿರುಗಿದರು. "ಸಂಜೆ ಬಂದಿದ್ರಲ್ಲ, ಆ ಯುವಕ ಯಾರು? ಅವರ ದೂರು ಗಂಭೀರವಾದದ್ದು. ನಾನು ಒಬ್ಬರನ್ನ ನೋಡ್ಬೇಕು, ಯಾರನ್ನ ಅನ್ನೋದು ಮರೆತುಹೋಯ್ತು."

ಪಕ್ಕದಲ್ಲಿದ್ದ ಅಳಿಯ ಅವರ ತಟ್ಟೆಗೆ ಇನ್ನೊಂದು ಸೌಟು ಅನ್ನ ಹಾಕುತ್ತಾ ಇಂಗ್ಲಿಷಿನಲ್ಲಿ ಹೇಳಿದ. "ನಿಮ್ಮ ಕ್ಷೇತ್ರದವನೇ, ಸರ್."