ಉಸ್ತಾದರ ಎರಡು ಮಂಡಿ

ಮದ್ದೂರಿನಲ್ಲಿ ನಮಗೆ ಫುಟ್‌ಬಾಲ್ ಕಲಿಸುತ್ತಿದ್ದ ಉಸ್ತಾದರು ಇದ್ದಿಲು ಬಸ್ಸುಗಳ ಮೆಕ್ಯಾನಿಕ್. ಎರಡನೇ ಮಹಾಯುದ್ಧದ ವರ್ಷಗಳು, ಪೆಟ್ರೋಲು ಸಿಗದೆ ಬಸ್ಸುಗಳು ಇದ್ದಿಲ ಗ್ಯಾಸಿನಲ್ಲಿ ಓಡುತ್ತಿದ್ದವು. ಅದಕ್ಕೆ ಮುಂಚೆ ಬೆಂಗಳೂರಿನಲ್ಲಿ ಬರಿಗಾಲಲ್ಲಿ ಆಡಿದವರು. ಎದುರು ತಂಡದ ಬ್ರಿಟಿಷ್ ಸೋಲ್ಜರನೊಬ್ಬನ ಬೂಟು ಬಲಮಂಡಿ ಒಡೆದ ಮೇಲೆ ಅವರಿಗೆ ಉಳಿದಿದ್ದು ಕಲಿಸುವುದೊಂದೇ.

ಕಲಿಸುವುದೆಂದರೆ ಹೊಡೆಯುವುದು. ಮೂಳೆ ಗಟ್ಟಿಯಾಗಲೆಂದು ನಮ್ಮ ಕಾಲಿಗೆ ಗೋಣಿತಾಟು ಸುತ್ತಿಸಿ ಸ್ಪ್ಯಾನರಿನಿಂದ ಬಡಿಯುತ್ತಿದ್ದರು. ಮೈಸೂರಿನ ಕಾಲೇಜಿನಿಂದ ರಜೆಗೆ ಬಂದಿದ್ದ ನಾನು ನರಳಿದರೆ, "ಯಾಕ್ಲಾ ಬಿ.ಎ., ಗೋಣಿ ಸಾಲ್ದಾ? ನಿನ್ ಪುಸ್ತಕಾನೂ ಕಟ್ಕೊ" ಎನ್ನುತ್ತಿದ್ದರು.

ಮಂಡ್ಯದಲ್ಲಿ ಮಳವಳ್ಳಿಯವರ ಮೇಲೆ ಆಟ. ಅವರ ಕಡೆಯ ರೈತರ ಹುಡುಗನೊಬ್ಬ ಎರಡು ಗೋಲು ಹೊಡೆದಿದ್ದ. ಬಿಡುವಿನಲ್ಲಿ ಉಸ್ತಾದರು ನನ್ನ ಕತ್ತು ಹಿಡಿದು, "ಚೆಂಡು ಬುಡ್ಲಾ, ಅವ್ನ ಕಾಲಿಗೋಗು" ಎಂದರು. ಹಾಗೆಂದು ವರ್ಷಗಟ್ಟಲೆ ಹೇಳಿಕೊಂಡು ಬಂದಿದ್ದೇನೆ. ಕತ್ತಿಗೆ ಅಂಟಿದ ಇದ್ದಿಲ ಮಸಿ ನೆನಪಿದೆ. ಮಾತು ಅವರದೋ, ಆಮೇಲೆ ನಾನೇ ಹುಟ್ಟಿಸಿದ್ದೋ, ಖಾತ್ರಿಯಿಲ್ಲ.

ಆಟ ಮತ್ತೆ ಶುರುವಾದಾಗ ಎರಡೂ ಕಾಲೆತ್ತಿ ಹಾರಿ ಆ ಹುಡುಗನ ಕಾಲಿಗೆ ಒದ್ದೆ. ಹಸಿ ಕಬ್ಬು ಮುರಿದಂಥ ಸದ್ದಾಯಿತೆಂದು ಹೇಳುತ್ತಿರುತ್ತೇನೆ. ಆ ಗದ್ದಲದಲ್ಲಿ ಅದು ಕೇಳಿಸಿರಲಾರದು. ಅವನ ಚರ್ಮ ಸೀಳಿ ಮೂಳೆ ಹೊರಗೆ ಬಂದದ್ದಂತೂ ನಿಜ.

ಮಳವಳ್ಳಿಯವರು ದೊಣ್ಣೆ ಹಿಡಿದು ನುಗ್ಗಿದರು. ಹುಡುಗನ ಅಣ್ಣ ನನ್ನ ಅಂಗಿ ಹಿಡಿದ.

"ಬೇಕಂತ್ಲೇ ಮುರುದ್ಯೇನ್ಲಾ?"

"ಉಸ್ತಾದ್ರು ಯೋಳುದ್ರು" ಎಂದೆ.

ಅವನು ಅವರತ್ತ ತಿರುಗಿದ. "ನೀನಾ ಯೋಳಿದ್ದು?"

ಉಸ್ತಾದರು ನನ್ನನ್ನೊಮ್ಮೆ ನೋಡಿದರು. "ಊ ಕಣಪ್ಪ, ನಾನೇ. ಅವ್ನ ಬುಡು."

ಬಿಟ್ಟರು. ಉಸ್ತಾದರನ್ನು ಕೆಡವಿ ಚೆನ್ನಾಗಿದ್ದ ಎಡಮಂಡಿಯ ಮೇಲೆ ಹೊಡೆದರು. ಅದು ಚಪ್ಪಟೆಯಾಗುವವರೆಗೂ ಹೊಡೆದರು. ನಾವು ಹನ್ನೊಂದು ಜನ ನೋಡುತ್ತ ನಿಂತಿದ್ದೆವು. ಅವರು ಹೇಳಿದ್ದು ನಿಜವಾದರೆ ತಪ್ಪೊಪ್ಪಿಕೊಂಡರು. ಸುಳ್ಳಾದರೆ ನನ್ನ ಪಾಲಿನ ಏಟು ತಿಂದರು. ಆ "ನಾನೇ" ಎಂಬ ಮಾತು ನನ್ನ ನೆನಪಿನೊಳಗೆ ಎಷ್ಟು ಬೆರೆತಿದೆಯೆಂದರೆ, ಬಿಡುವಿನಲ್ಲಿ ನಿಜಕ್ಕೂ ಕೇಳಿಸಿಕೊಂಡದ್ದನ್ನು ಈಗ ಅದರಿಂದ ಬೇರ್ಪಡಿಸಲಾಗದು.

ಇನ್ನು ಮೈದಾನಕ್ಕೆ ಬರಬೇಡಿರೆಂದು ನಮ್ಮೂರ ಹಿರಿಯರು ಅವರಿಗೆ ಹೇಳಿ ಕಳಿಸಿದರು. ವಾರದ ಮೇಲೆ ಮನೆಗೆ ಹೋದೆ. ಎರಡೂ ಕಾಲು ಚಾಚಿ ಗೋಡೆಗೆ ಒರಗಿದ್ದರು. ನಿಜವಾಗಿ ಹೇಳಿದಿರಾ ಎಂದು ಕೇಳಲೆಂದೇ ಹೋದವನು, ನೋವು ಹೇಗಿದೆ ಎಂದು ಕೇಳಿದೆ.

"ನೋವ್ ಕಟ್ಕೊಂಡು ಏನ್ಲಾ? ನಿಂಗೆ ಎಡಗಾಲ್ ಆಟ ಇನ್ನೂ ಬಂದಿಲ್ಲ. ಬೆಳಿಗ್ಗೆ ಬಾ, ಕುಂತೇ ಯೋಳ್ಕೊಡ್ತೀನಿ."

"ಬತ್ತೀನಿ" ಎಂದೆ. ಬೆಳಿಗ್ಗೆ ಮೈಸೂರಿನ ರೈಲು ಹತ್ತಿದೆ. ರಜೆ ಇನ್ನೂ ಹದಿನೈದು ದಿನ ಇತ್ತು.