ಚೇಚಿಗೆ ರೇಟಿಲ್ಲ

ಬೆಳಕು ಹರಿಯುವ ಮೊದಲು ಸುಮಿತ್ರ ಮಾಡಿ ಮುಗಿಸುತ್ತಿದ್ದ ಕೆಲಸಗಳು ಇವು. ಮೂರಕ್ಕೆ ಏಳುವುದು. ನಲ್ಲಿಯಲ್ಲಿ ನೀರು ಬರುವ ಅರ್ಧ ಗಂಟೆಯೊಳಗೆ ಡ್ರಮ್ಮು, ಕೊಡ, ಬಕೆಟ್ಟು ತುಂಬಿಸುವುದು. ಕುಕ್ಕರು ಕೂಗುವುದರೊಳಗೆ ಗಂಡನ ಯೂನಿಫಾರ್ಮಿಗೆ ಇಸ್ತ್ರಿ, ಮಗಳು ತನ್ವಿಯ ಬುತ್ತಿಗೆ ಪಲ್ಯ. ಗಂಡನ ಚಹಾ ಫ್ಲಾಸ್ಕಿಗೆ. ಅವನು ಏಳುವಾಗ ಬಿಸಿಯಾಗಿರಬೇಕಲ್ಲ! ನಾಲ್ಕಕ್ಕೆ ಕೊಚ್ಚಿಯ ವೈಟ್ಟಿಲದ ಕ್ಯಾಂಟೀನಿಗೆ ಓಟ. ಅಲ್ಲಿ ಇಪ್ಪತ್ತು ಕಿಲೋ ಮೈದಾ ನಾದಿ, ಎಣ್ಣೆ ಸವರಿ, ಒದ್ದೆ ಬಟ್ಟೆ ಮುಚ್ಚುವುದು. ಉಂಡೆ ಕಟ್ಟುವುದು. ಒಂದೊಂದನ್ನೂ ಮೇಜಿಗೆ ಬೀಸಿ ಬೀಸಿ ಕಾಗದದಷ್ಟು ತೆಳ್ಳಗೆ ಮಾಡಿ, ನೆರಿಗೆ ಹಿಡಿದು, ಸುರುಳಿ ಸುತ್ತುವುದು. ಕಾದ ಕಲ್ಲಿನ ಮೇಲೆ ಬೇಯಿಸಿ, ಐದೈದು ಒಟ್ಟಿ, ಸುಡುಸುಡುವಾಗಲೇ ಎರಡೂ ಕೈಯಿಂದ ಬಡಿದು ಪದರ ಬಿಡಿಸುವುದು.

ಇದರಲ್ಲಿ ಮನೆಯ ಕೆಲಸಕ್ಕೆ ಹೆಸರೇ ಇರಲಿಲ್ಲ. ಕ್ಯಾಂಟೀನಿನದ್ದಕ್ಕೆ ಹಾಜರಿ ಪುಸ್ತಕದಲ್ಲಿ ಒಂದು ಹೆಸರಿತ್ತು: ಹೆಲ್ಪರ್.

ಯಾರಿಗೆ ಹೆಲ್ಪು? ಪರೋಟ ಮಾಸ್ಟರ್ ಸುಗುಣನ್ ಕತಾರಿಗೆ ಹೋದ ಮೇಲೆ, ಹನ್ನೊಂದು ತಿಂಗಳಿಂದ, ಆ ಕಲ್ಲಿನ ಮುಂದೆ ಅವಳ ಹೊರತು ಒಂದು ನರಪಿಳ್ಳೆಯೂ ನಿಂತಿರಲಿಲ್ಲ.

ಅದು ಸಂಘದ ಕ್ಯಾಂಟೀನು. ಮಾಲೀಕನೆಂಬವನಿಲ್ಲ, ದುಡಿಯುವವರೇ ಒಡೆಯರು ಎಂದು ಗೋಡೆಯ ಮೇಲೆ ಕೆಂಪು ಅಕ್ಷರದಲ್ಲಿ ಬರೆದಿತ್ತು. ಸುಮಿತ್ರ ಕಾಸರಗೋಡಿನ ಬದಿಯಡ್ಕದವಳು. ಮದುವೆಯಾಗಿ ಕೊಚ್ಚಿಗೆ ಬಂದು, ಆ ಅಕ್ಷರಗಳನ್ನು ನಂಬಿಯೇ ಅಲ್ಲಿ ಸೇರಿದ್ದಳು. ಮೂರು ವರ್ಷದ ಹಿಂದೆ ಸಂಘದ ಸಭೆಯಲ್ಲಿ, ಮಾಸ್ಟರಿಗೆ ಹೆಲ್ಪರಿನ ಸಂಬಳದ ಎರಡರಷ್ಟು ಕೊಡಬೇಕೇ ಎಂಬ ಪ್ರಶ್ನೆ ಬಂದಾಗ ಎಲ್ಲರಿಗಿಂತ ಮೊದಲು ಕೈ ಎತ್ತಿದವಳೂ ಅವಳೇ. ಪಾಪ, ಬೆಂಕಿಯ ಮುಂದೆ ನಿಲ್ಲುವ ಮನುಷ್ಯ, ಸಿಗಲಿ ಎಂದುಕೊಂಡಿದ್ದಳು. ಈಗ ಬೆಂಕಿಯ ಮುಂದೆ ಅವಳಿದ್ದಳು. ಎರಡರಷ್ಟು ಎಲ್ಲಿಗೆ ಹೋಯಿತೋ!

ವಿಷಯ ಎದ್ದದ್ದು ಜುಬೈದಾಳಿಂದ. ಐಟಿ ಪಾರ್ಕಿಗೆ ಹೋಗುವ ಮಂಗಳೂರಿನ ಹುಡುಗಿ, ಕನ್ನಡ ಮಾತಾಡಬಹುದೆಂದೇ ಇಲ್ಲಿ ತಿಂಡಿಗೆ ಬರುವವಳು.

"ಅಕ್ಕಾ, ನಿಮ್ಮ ಮಾಸ್ಟರಿಗೆ ಹೇಳಿ, ಈ ಪರೋಟಕ್ಕೆ ಪ್ರೈಜು ಕೊಡ್ಬೇಕು."

"ಮಾಸ್ಟರ್ ಇಲ್ಲ ಮಾರಾಯ್ತಿ. ನಾನೇ ಮಾಡುದು."

"ಹಾಗಾದ್ರೆ ನೀವೇ ಮಾಸ್ಟರ್!"

ಕ್ಯಾಶ್ ಕೌಂಟರಿನಲ್ಲಿದ್ದ ಸಂಘದ ಕಾರ್ಯದರ್ಶಿ ಕೃಷ್ಣಾನಂದ ನಕ್ಕುಬಿಟ್ಟ. ಅವನೂ ಕಾಸರಗೋಡಿನವನೇ. "ಅವರು ನಮ್ಮ ಚೇಚಿ. ಚೇಚಿ ಹೇಗೆ ಮಾಸ್ಟರ್ ಆಗ್ತಾರೆ?"

ಚೇಚಿ ಎಂದರೆ ಮಲಯಾಳದಲ್ಲಿ ಅಕ್ಕ. ಇಡೀ ವೈಟ್ಟಿಲ ಅವಳನ್ನು ಪ್ರೀತಿಯಿಂದ ಹಾಗೆಯೇ ಕರೆಯುತ್ತಿತ್ತು. ಅಕ್ಕನಿಗೆ ಯಾರಾದರೂ ರೇಟು ಕಟ್ಟುತ್ತಾರೆಯೇ? ಆ ದಿನ ಸುಮಿತ್ರಳಿಗೆ ಆ ಪ್ರೀತಿಯ ಲೆಕ್ಕಾಚಾರ ತಲೆಗೆ ಹೊಕ್ಕಿತು, ಹೊಕ್ಕದ್ದು ಇಳಿಯಲಿಲ್ಲ.

ಬಾಯಿಬಿಟ್ಟು ಕೇಳಿದಳು. ಮಾಸ್ಟರ್ ಎಂದು ಬರೆಯಿರಿ, ಮಾಸ್ಟರಿನ ಸಂಬಳ ಕೊಡಿ. ಕೃಷ್ಣಾನಂದನ ಬಳಿ ಉತ್ತರಗಳು ಸಾಲುಗಟ್ಟಿ ನಿಂತಿದ್ದವು. "ಅದು ಹೊರಗಿನ ಮಾರ್ಕೆಟಿನ ರೇಟು ಸುಮಿತ್ರಕ್ಕ. ಅಷ್ಟು ಕೊಡದಿದ್ರೆ ಗಂಡಸರು ಬರುದಿಲ್ಲ. ನೀವು ಎಲ್ಲಿಗೂ ಹೋಗುವವರಲ್ಲವಲ್ಲ. ಮನೆಯಲ್ಲಿ ಇನ್ನೊಂದು ಸಂಬಳವೂ ಉಂಟು. ಸಮಾಜವಾದ ಅಂದ್ರೆ ಅಗತ್ಯ ನೋಡುದು."

ಮನೆಯ ಇನ್ನೊಂದು ಸಂಬಳ ವೆಂಕಟರಮಣ, ತ್ರಿಪ್ಪುಣಿತ್ತುರದ ಮೆಟ್ರೊ ಸ್ಟೇಷನ್ನಿನ ಗಾರ್ಡು. ಅವನು ಊಟದ ತಟ್ಟೆಯಿಂದ ತಲೆ ಎತ್ತದೆ ಹೇಳಿದ: "ಮನೆಯಲ್ಲಿ ಮಾಡುದನ್ನೇ ಅಲ್ಲಿ ಮಾಡ್ತಿ. ಅದಕ್ಕೆಂತ ಮಾಸ್ಟರು?"

"ನೀವು ಮನೆಯ ಬಾಗಿಲನ್ನೂ ಹಾಕ್ತೀರಲ್ಲ. ಅಲ್ಲಿ ಬಾಗಿಲು ಕಾಯ್ಲಿಕ್ಕೆ ಯೂನಿಫಾರ್ಮು ಎಂತಕ್ಕೆ?"

ತನ್ವಿ ಕಿಸಕ್ಕನೆ ನಕ್ಕಳು. ವೆಂಕಟರಮಣ ಸಾರು ಬಡಿಸಿಕೊಳ್ಳಲೂ ಕೈ ಚಾಚದೆ ಕಾದು ಕೂತ. ಆವತ್ತು ಸುಮಿತ್ರ ಬಡಿಸಲಿಲ್ಲ.

ಅಷ್ಟರಲ್ಲಿ ತಿರುವನಂತಪುರದಲ್ಲಿ ಕ್ಯಾಂಟೀನ್ ಕಾರ್ಮಿಕರ ಸಮ್ಮೇಳನ ಬಂತು. 'ಸಮಾನ ದುಡಿಮೆಗೆ ಸಮಾನ ವೇತನ' ಅದರ ವಿಷಯ. ಪ್ರತಿ ಸಂಘದಿಂದ ಒಬ್ಬ ಹೆಂಗಸು ಮಾತಾಡಬೇಕೆಂದು ಮೇಲಿನವರ ಸೂಚನೆ. ಕೃಷ್ಣಾನಂದ ಬೇರೆ ದಾರಿ ಕಾಣದೆ ಸುಮಿತ್ರಳ ಹೆಸರು ಕೊಟ್ಟ. ತನ್ವಿ ಅಮ್ಮನ ಬಾಯಿಯಿಂದ ಕೇಳಿ ಕೇಳಿ ಐದು ನಿಮಿಷದ ಭಾಷಣವನ್ನು ಮಲಯಾಳದಲ್ಲಿ ಬರೆದಳು. ಸುಮಿತ್ರ ಅದನ್ನು ಮೈದಾ ನಾದುತ್ತ ಬಾಯಿಪಾಠ ಮಾಡಿದಳು. ಅಷ್ಟು ಸಂಘಗಳ ಎದುರು ಹೇಳಿಬಿಟ್ಟರೆ ಆ 'ಹೆಲ್ಪರ್' ಪದವನ್ನು ಅಳಿಸದೆ ಇವರಿಗೆ ಗತಿಯಿರಲಿಲ್ಲ.

ಸಭಾಂಗಣದ ಮುಂದಿನ ಸಾಲಿನಲ್ಲಿ ಅವಳ ಹೆಸರಿನ ಕುರ್ಚಿಯಿತ್ತು. ಅದರಲ್ಲಿ ಅವಳು ಕೂತದ್ದು ಹತ್ತು ನಿಮಿಷ. ಕೃಷ್ಣಾನಂದ ಬಗ್ಗಿ ಬಂದ.

"ಸುಮಿತ್ರಕ್ಕ, ಒಂದು ಸಣ್ಣ ಕೆಲಸ. ಅಡುಗೆಯವರ ಪರೋಟ ಮಾಸ್ಟರ್ ಕೈಕೊಟ್ಟಿದ್ದಾನೆ. ನಾನೂರು ಜನರ ಊಟ. ನಿಮಗೆಂತ, ಕಣ್ಣು ಮುಚ್ಚಿ ಮಾಡ್ತೀರಿ. ನಿಮ್ಮ ಮಾತು ಮಧ್ಯಾಹ್ನದ ಮೇಲೆ ಇಡಿಸ್ತೇನೆ."

ಅವಳು ಎದ್ದು ಹೋದಳು. ಹಸಿದವರ ಮಾತು ಬಂದರೆ ತನ್ನ ಕಾಲು ತನ್ನನ್ನು ಕೇಳದೆ ಏಳುತ್ತದಲ್ಲ ಎಂದು ಹಿಟ್ಟಿಗೆ ನೀರು ಸುರಿಯುವಾಗ ಅವಳಿಗೆ ತನ್ನ ಮೇಲೆಯೇ ರೇಗಿತು. ಆ ಸಿಟ್ಟಿನಲ್ಲೇ ನಾದಿದಳು. ಉಂಡೆಗಳು ಸಾಲಾಗಿ ಕೂತವು. ಕಲ್ಲಿಗೆ ಬೆಂಕಿ ಹಾಕುವ ಹೊತ್ತಿಗೆ, ಅಡುಗೆಮನೆಯ ಕಂಬಕ್ಕೆ ಕಟ್ಟಿದ ಮೈಕಿನಲ್ಲಿ ಸಖಾವ್, ಅಂದರೆ ಕಾಮ್ರೇಡ್, ಎಂಬ ಬಿರುದಿನೊಡನೆ ಅವಳ ಹೆಸರು ಕೇಳಿಸಿತು. "ಸಖಾವ್ ಸುಮಿತ್ರ ಅನಿವಾರ್ಯ ಕಾರಣದಿಂದ ಬಂದಿಲ್ಲ. ಅವರ ಪರವಾಗಿ ಕೃಷ್ಣಾನಂದ ಮಾತಾಡುತ್ತಾರೆ."

"ನಮ್ಮ ಸಂಘದಲ್ಲಿ ಗಂಡು ಹೆಣ್ಣು ಎಂಬ ಭೇದವಿಲ್ಲ," ಎಂದಿತು ಮೈಕು. ಸಭೆ ಚಪ್ಪಾಳೆ ತಟ್ಟಿತು.

ಐದು ನಿಮಿಷದಲ್ಲಿ ಅವನೇ ಅಡುಗೆಮನೆಯ ಬಾಗಿಲಲ್ಲಿದ್ದ. ಅವಳ ಮುಖ ನೋಡಿ ಧ್ವನಿ ತಗ್ಗಿಸಿದ.

"ಟೈಮು ಸಿಗಲಿಲ್ಲ ಅಕ್ಕ. ಬೇಜಾರು ಮಾಡ್ಬೇಡಿ. ಮುಂದಿನ ತಿಂಗಳಿಂದ ಮಾಸ್ಟರ್ ರೇಟೇ ಕೊಡ್ತೇನೆ, ಕೈಯಲ್ಲಿ. ಪುಸ್ತಕದಲ್ಲಿ ಹೆಲ್ಪರ್ ಅಂತಲೇ ಇರ್ಲಿ. ಉಳಿದ ಹೆಂಗಸರಿಗೆ ಗೊತ್ತಾಗುದು ಬೇಡ."

"ಭೇದ ಇಲ್ಲ ಅಂತ ಈಗ ಹೇಳಿ ಬಂದದ್ದು ನೀವೇ ಅಲ್ವಾ?"

"ಅದು ಭಾಷಣ ಮಾರಾಯ್ರೆ. ಪರೋಟ ಬೇಗ ಆಗ್ಲಿ." ಅವನು ಹೊರಟುಹೋದ.

ಎರಡರಷ್ಟು ಸಂಬಳ. ತನ್ವಿಯ ನರ್ಸಿಂಗ್ ಫೀಸು ಸುಮಿತ್ರಳ ಕಣ್ಣ ಮುಂದೆ ಬಂತು. ಅದರ ಹಿಂದೆಯೇ ಕ್ಯಾಂಟೀನಿನ ಇನ್ನೊಬ್ಬ ಹೆಲ್ಪರ್ ರಾಜಲಕ್ಷ್ಮಿಯ ಬೆರಳುಗಳೂ ಬಂದವು. ನಾಲ್ಕು ಗಂಟೆಯ ಕತ್ತಲೆಯಲ್ಲಿ ತನ್ನ ಜೊತೆ ಈರುಳ್ಳಿ ಹೆಚ್ಚಿ, ಹಂಡೆ ತಿಕ್ಕಿ, ಸೋಪು ನೀರಿನಲ್ಲಿ ಕೊಳೆತು ಬಿರಿದ ಬೆರಳುಗಳು. ಮಾಸ್ಟರಿಗೆ ಬೆಂಕಿಯ ಲೆಕ್ಕ ಹಿಡಿದು ತಾನು ಕೈ ಎತ್ತಿದ್ದಳಲ್ಲ, ಈ ನೀರಿನ ಲೆಕ್ಕವನ್ನು ಆ ದಿನ ಯಾರು ಹಿಡಿದಿದ್ದರು? ತಾನೂ ಹಿಡಿದಿರಲಿಲ್ಲ. ಈಗ ಕದ್ದು ಕೊಟ್ಟದ್ದನ್ನು ಸೆರಗಿನಲ್ಲಿ ಕಟ್ಟಿಕೊಂಡು, ನಾಳೆ ಅವಳ ಪಕ್ಕದಲ್ಲಿ ಹೇಗೆ ನಿಲ್ಲುವುದು?

ಕಲ್ಲು ಕಾದು ಹೊಗೆಯಾಡುತ್ತಿತ್ತು. ಊಟಕ್ಕೆ ಮುಕ್ಕಾಲು ಗಂಟೆ ಉಳಿದಿತ್ತು. ಅಡುಗೆಮನೆಯಲ್ಲಿ ಅವಳನ್ನು ತಡೆಯುವವರೂ ಇರಲಿಲ್ಲ, ಹೋಗು ಎನ್ನುವವರೂ ಇರಲಿಲ್ಲ. ಈ ಬಾಗಿಲು ದಾಟಿದರೆ ವೈಟ್ಟಿಲದ ಬಾಗಿಲು ಮುಚ್ಚಬಹುದು ಎಂಬುದೂ ಅವಳಿಗೆ ಗೊತ್ತಿತ್ತು.

ಉಂಡೆಗಳ ಮೇಲೆ ಒದ್ದೆ ಬಟ್ಟೆ ಎಳೆದಳು, ಹಿಟ್ಟಿನ ತಪ್ಪೇನಿಲ್ಲವಲ್ಲ. ಗ್ಯಾಸ್ ಆರಿಸಿದಳು. ಮೊಣಕೈವರೆಗಿನ ಮೈದಾ ತೊಳೆಯಲಿಲ್ಲ. ತನ್ವಿ ಬರೆದ ಭಾಷಣದ ಕಾಗದ ತೆಗೆದು, ಅಡುಗೆಯವರ ಪೆನ್ನು ಹುಡುಕಿ, ತನ್ನ ಹೆಸರಿನ ಕೆಳಗೆ ರಾಜಲಕ್ಷ್ಮಿ ಎಂದು ಬರೆದಳು. ಎಣ್ಣೆ ಹತ್ತಿದಲ್ಲಿ ಶಾಯಿ ಹಿಡಿಯಲಿಲ್ಲ. ಮತ್ತೊಮ್ಮೆ ಒತ್ತಿ ಬರೆದು, ಸಭಾಂಗಣದ ಮೈಕಿನ ಕಡೆಗೆ ನಡೆದಳು.