ಸೋದರಮಾವನ ಕಣ್ಣು

ನನ್ನ ತಮ್ಮ ಚಂದ್ರನನ್ನು ಗೇಲಿ ಮಾಡದೆ ನಾನು ಒಂದು ದಿನವೂ ಕಳೆದವಳಲ್ಲ. ಈ ಪದ್ದುವಿನ ಬಾಯಿಗೆ ಬೀಳಬಾರದು ಎಂದು ನಾನು ಮೀನು ಮಾರುವ ಕುಂದಾಪುರದ ಮಾರ್ಕೆಟ್ಟಿನ ಗಿರಾಕಿಗಳೇ ಹೇಳುತ್ತಾರೆ. ಇನ್ನು ಸ್ವಂತ ತಮ್ಮನನ್ನು ಬಿಟ್ಟೇನೆಯೇ? ಅವನೂ ಹಾಗೆಯೇ ಇದ್ದ. ಹಣ್ಣಾದ ಮೆಣಸು ಕೊಯ್ದು ತಾ ಎಂದರೆ ಬುಟ್ಟಿ ತುಂಬ ಹಸಿ ಕಾಯಿ ತರುತ್ತಿದ್ದ. ನನ್ನ ಮದುವೆಗೆ ಕೆಂಪು ಸೀರೆ ತಾರೋ ಎಂದು ಕಳಿಸಿದರೆ, ದೊಡ್ಡ ಮನುಷ್ಯನ ಹಾಗೆ ಅಂಗಡಿಯಲ್ಲಿ ತಾನೇ ಆರಿಸಿ, ಕೆಸುವಿನ ಎಲೆಯಂಥ ಕಡು ಹಸಿರು ಸೀರೆ ತಂದ. "ನಿನ್ ಕಣ್ಣಿಗ್ ಎಂತ ಬಡ್ದಿತ್ತ್ ಮರಾಯ?" ಎಂದು ಅದನ್ನು ಅವನ ಮುಖಕ್ಕೇ ಎಸೆದಿದ್ದೆ. ಅವನು ನಕ್ಕುಬಿಟ್ಟ. ಸೀರೆ ಪೆಟ್ಟಿಗೆಯ ಅಡಿ ಸೇರಿತು.

ಮೀನುಗಾರಿಕೆಯ ಬೋಟಿನಲ್ಲಿ ಹಗಲೆಲ್ಲ ಚುಕ್ಕಾಣಿ ಹಿಡಿಯುತ್ತಿದ್ದವನು ಕತ್ತಲಾಗುತ್ತಿದ್ದಂತೆ ಅದನ್ನು ಬೇರೆಯವರ ಕೈಗೆ ಕೊಟ್ಟು ಮಲಗಿಬಿಡುತ್ತಿದ್ದ. ಜೊತೆಯವರು ಸೋಂಬೇರಿ ಚಂದ್ರ ಎಂದು ಹೆಸರಿಟ್ಟರು. ನಾನೂ ಹಾಗೇ ಕರೆದೆ. ಮೂವತ್ತೈದಕ್ಕೆ ಬೋಟು ಬಿಟ್ಟು ದಡದಲ್ಲಿ ಬಲೆ ಸರಿಮಾಡುತ್ತ ಕೂತ. ಮದುವೆಯೂ ಆಗಲಿಲ್ಲ. ನನ್ನ ಮಗ ಮನೀಷನೇ ಅವನ ಪ್ರಪಂಚ. "ನಂದೆಲ್ಲ ನಿಂಗೇ ಮಾಣಿ" ಎನ್ನುತ್ತಿದ್ದ. ನಮ್ಮ ಕಡೆ ಸೋದರಮಾವನ ಮಾತೆಂದರೆ ಸುಮ್ಮನೆಯೇ?

ಮನೀಷನಿಗೆ ಮಾತ್ರ ಚಿಕ್ಕಂದಿನಿಂದಲೂ ವಿಮಾನದ ಹುಚ್ಚು. ಎರಡು ಸಾವಿರದ ಹನ್ನೆರಡರಲ್ಲಿ ಪಿಯುಸಿ ಮುಗಿಯಿತು, ಪೈಲಟ್ ತರಬೇತಿಯ ಶಾಲೆಯಲ್ಲಿ ಸೀಟೂ ಸಿಕ್ಕಿತು. ಒಂದೇ ಒಂದು ಕೆಲಸ ಬಾಕಿ: ವೈದ್ಯಕೀಯ ಪರೀಕ್ಷೆ. ಅದರಲ್ಲಿ ಪಾಸಾಗದಿದ್ದರೆ ಸೀಟು ಇದ್ದರೂ ಇಲ್ಲದ ಹಾಗೆ. ಅವನು ಊಟಕ್ಕೆ ಕೂತು ಪಟ್ಟಿ ಓದಿ ಹೇಳಿದ. ತೂಕ, ರಕ್ತ, ಮೂತ್ರ, ಎದೆ, ಕಿವಿ, ಕಣ್ಣು. ನಾನು ಎಲ್ಲದಕ್ಕೂ "ಅದೆಲ್ಲ ಗಟ್ಟಿ ಇತ್ತ್" ಎನ್ನುತ್ತಿದ್ದೆ. ಕೊನೆಗೆ, "ಬಣ್ಣ ಗುರ್ತಿಸುಕೂ ಬರ್ಕ್ ಅಮ್ಮ. ಕೆಂಪು, ಹಸಿರು ಗೊತ್ತಾಗ್ದಿದ್ರೆ ವಿಮಾನ ಬಿಡುಕಾತಿಲ್ಲ" ಎಂದು ಪಟ್ಟಿ ಮಡಚಿದ.

"ಅದಕ್ಕೆ ಎಂತ ಈಗ?" ಎಂದೆ.

"ಆ ದೋಷ ತಾಯಿ ಕಡೆಯಿಂದ ಬಪ್ದ್. ಮಾವನಿಗಿದ್ರೆ ಅಳಿಯನಿಗೂ ಬಪ್ಪು ಸಾಧ್ಯತೆ ಇತ್ತ್ ಅಂತ ಪುಸ್ತಕದಂಗ್ ಬರ್ದಿತ್ತ್."

ಚಂದ್ರ ನಮ್ಮ ಎದುರಿಗೇ ಕೂತು ಬಂಗುಡೆ ಸಾರಿನಲ್ಲಿ ಅನ್ನ ಕಲಸುತ್ತಿದ್ದ. ಕೈ ಅಲ್ಲೇ ನಿಂತಿತು. ಇಪ್ಪತ್ತು ವರ್ಷ ನಾನು ನಗಾಡಿದ ಸೀರೆ, ಮೆಣಸು ಎಲ್ಲ ಒಟ್ಟಿಗೇ ನನ್ನ ಕಣ್ಣ ಮುಂದೆ ಬಂದವು. ಅಯ್ಯೋ ದೇವರೇ, ಇದು ಪೆದ್ದುತನವಲ್ಲ, ದೋಷ! ಅದೂ ನನ್ನ ಮೂಲಕ ಮಗನಿಗೆ ಹೋಗುವಂಥದ್ದು! ಚಂದ್ರ ಕೈ ತೊಳೆದು ಎದ್ದ. "ನಂದೆಲ್ಲ ನಿಂಗೇ ಅಂದಿದ್ದೆ ಮಾಣಿ, ಇದೊಂದ್ ಮಾತ್ರ ಬೇಡ" ಎಂದ.

ಮರುದಿನ ಬೆಳಿಗ್ಗೆ ಬಲೆಯ ನೂಲುಂಡೆಗಳ ಗೋಣಿ ಹೊತ್ತುಕೊಂಡು ಬಂದು ಜಗಲಿಯಲ್ಲಿ ಸುರಿದ. ಅಳಿಯನನ್ನು ತಾನೇ ಪರೀಕ್ಷೆ ಮಾಡುತ್ತಾನಂತೆ!

"ಇದ್ ಯಾವ ಬಣ್ಣ?"

"ಹಸಿರು ಮಾವ."

ಚಂದ್ರ ನನ್ನ ಕಡೆ ತಿರುಗಿದ. "ಸರಿಯಾ ಅಕ್ಕ?"

ಉತ್ತರ ಗೊತ್ತಿಲ್ಲದ ಮೇಷ್ಟ್ರನ್ನು ನಾನು ನೋಡಿದ್ದು ಅದೇ ಮೊದಲು. ನಗು ತಡೆಯಲಾಗಲಿಲ್ಲ, ಅಳುವೂ ಬಂತು. ಮನೀಷ ಎಲ್ಲವನ್ನೂ ಸರಿಯಾಗಿಯೇ ಹೇಳಿದ. ಆದರೂ ಚಂದ್ರನಿಗೆ ಸಮಾಧಾನವಿಲ್ಲ. "ಉಂಡೆ ಉಂಡೆ ಇದ್ರೆ ನಾನೂ ಒಂದೊಂದ್ಸಲ ಸರೀ ಹೇಳ್ತೆ ಅಕ್ಕ. ದೂರ ಇದ್ದದ್ದೇ ತಪ್ಪುದ್" ಎಂದು ತಲೆ ಕೆಡಿಸಿಕೊಂಡ.

ಪರೀಕ್ಷೆ ಮಂಗಳೂರಿನಲ್ಲಿ. ಬೆಳಗಿನ ಬಸ್ಸಿಗೆ ಮೂವರೂ ಹೊರಟೆವು. ಮಗ ಖಾಲಿ ಹೊಟ್ಟೆಯಲ್ಲಿರಬೇಕು. ಬಸ್ಸು ಕೋಟ ದಾಟುವ ಮೊದಲೇ ಚಂದ್ರ ಎರಡು ಸಲ ಅವನ ಜೇಬು ಮುಟ್ಟಿ, ಬಿಸ್ಕತ್ತು ಇಲ್ಲವೆಂದು ಖಚಿತ ಮಾಡಿಕೊಂಡ. ಡಾಕ್ಟರ ಹೆಸರು ಶ್ರೀವಾಣಿ. ಸಾಲಿಗ್ರಾಮದವರಂತೆ, ನಮ್ಮ ಮಾತು ಕೇಳಿದ್ದೇ ತಡ, "ಹ್ವಾಯ್, ನಮ್ಮೂರಿನವ್ರಾ? ಬನ್ನಿ, ಕೂಕಣಿ" ಎಂದರು. ರಕ್ತ ತೆಗೆದರು, ಎದೆಗೆ ತಂತಿ ಅಂಟಿಸಿ ಚೀಟಿ ತೆಗೆದರು, ಮೂಗು ಹಿಡಿದು ಊದಿಸಿ ಕಿವಿಯೊಳಗೆ ಇಣುಕಿದರು. ಬಿಪಿ ಮಾತ್ರ ಜಾಸ್ತಿ ಬಂತು. ನಾನು ಪಕ್ಕದಲ್ಲೇ ನಿಂತು ಊರ ದೇವರನ್ನೆಲ್ಲ ಗಟ್ಟಿಯಾಗಿ ಕರೆಯುತ್ತಿದ್ದೆನಲ್ಲ! ಡಾಕ್ಟರು, "ಅಮ್ಮ, ನೀವ್ ಸ್ವಲ್ಪ ಹೊರಗ್ ಹೋಯ್ನಿ" ಎಂದರು. ಹತ್ತು ನಿಮಿಷ ಬಿಟ್ಟು ನೋಡಿದರೆ ಸರಿಯಾಗಿತ್ತಂತೆ.

ಬಣ್ಣದ ಪುಸ್ತಕ ತೆಗೆದಾಗ ಬಾಗಿಲ ಸಂದಿನಲ್ಲಿ ನಾನು ಹಾಜರು. ಪುಟದ ತುಂಬ ಬಣ್ಣದ ಚುಕ್ಕಿ, ಅದರ ನಡುವೆ ಒಂದು ಅಂಕೆ. ಚಂದ್ರ ವೆರಾಂಡದ ಆ ತುದಿಯಲ್ಲಿ ಗೋಡೆಗೆ ಮುಖಮಾಡಿ ನಿಂತಿದ್ದ, ತನ್ನ ದೃಷ್ಟಿ ಹುಡುಗನಿಗೆ ತಾಗಬಾರದೆಂದು. ಮನೀಷ ಒಂದೊಂದೇ ಅಂಕೆ ಹೇಳುತ್ತ ಹೋದ. ಎಲ್ಲೂ ತಡೆಯಲಿಲ್ಲ. ಡಾಕ್ಟರು ಪುಸ್ತಕ ಮುಚ್ಚಿ, "ಕಣ್ಣ್ ಫಸ್ಟ್ ಕ್ಲಾಸ್" ಎಂದರು. ನಾನು ಅಲ್ಲಿಂದಲೇ ಕೂಗಿದೆ, "ಏ ಚಂದ್ರ, ಮಾಣಿಗ್ ಬಂದಿಲ್ವಂಬ್ರು!"

ಮನೀಷ ಓಡಿಹೋಗಿ ಮಾವನನ್ನು ಕೈಹಿಡಿದು ಎಳೆತಂದ. ಡಾಕ್ಟರು ನಗುತ್ತ ಅವನ ಮುಂದೂ ಪುಸ್ತಕ ಇಟ್ಟರು. ಮೊದಲ ಪುಟ ನೋಡಿ, "ಹನ್ನೆರಡ್!" ಎಂದು ಕೂಗಿದ. ನಮಗೆಲ್ಲ ಖುಷಿ. ಆ ಪುಟ ಎಲ್ಲರಿಗೂ ಕಾಣುವಂಥದ್ದೆಂದು ಡಾಕ್ಟರು ಆಮೇಲೆ ಹೇಳಿದರು. ಇನ್ನೊಂದು ಪುಟಕ್ಕೆ ಬಂದಾಗ ಅವನು ಬಗ್ಗಿದ, ಪುಸ್ತಕವನ್ನು ಬೆಳಕಿಗೆ ಹಿಡಿದ. ನನಗೆ ಅದರಲ್ಲಿ ಐದು ಎದ್ದು ಕಾಣುತ್ತಿತ್ತು.

"ಇಲ್ಲೆಂತ ಇಲ್ಲ ಡಾಕ್ಟ್ರೇ. ಬರೀ ಚುಕ್ಕಿ" ಎಂದ.

"ಇದ್ ಹುಟ್ಟಿದಾಗ್ಳೇ ಬಪ್ದ್, ಯಾರ ತಪ್ಪೂ ಅಲ್ಲ" ಎಂದರು ಡಾಕ್ಟರು. "ಬೋಟಂಗೆ ಹ್ಯಾಂಗ್ ಸುಧಾರ್ಸಿದ್ರಿ?"

"ರಾತ್ರಿ ಚುಕ್ಕಾಣಿ ಮುಟ್ಲಿಲ್ಲ. ಎದ್ರು ಬಪ್ಪು ಬೋಟಿನ ಎಡಕ್ಕೆ ಕೆಂಪು, ಬಲಕ್ಕೆ ಹಸಿರು ದೀಪ. ಅದನ್ನ್ ಕಂಡೇ ಅದ್ ಯಾವ ಬದಿಗ್ ಹೋತ್ತ್ ಅಂತ ತಿಳಿಕ್. ನಂಗೆ ಎರಡೂ ಒಂದೇ. ಬೋಟಂಗೆ ಹನ್ನೊಂದ್ ಜನ ಇರ್ತಿದ್ರು."

ನಾನು ಅವನ ತೋಳು ಹಿಡಿದೆ. "ನಂಗಾರೂ ಹೇಳುಕಾಗ್ತಿತ್ತಿಲ್ಯಾ ಚಂದ್ರ? ಎಲ್ಲರೂ ಸೋಂಬೇರಿ ಅಂದ್ರಲ್ಲೋ!"

"ಸೋಂಬೇರಿ ಅಂದ್ರೆ ಬೋಟಂಗ್ ಇಟ್ಕಂತ್ರ್ ಅಕ್ಕ. ದೀಪ ತಿಳಿತಿಲ್ಲ ಅಂದ್ರೆ ಇಟ್ಕಂತ್ರಾ?"

ಆ ದಿನ ವಾಪಸು ಬರುವಾಗ ಮನೀಷ ಬ್ರಹ್ಮಾವರದವರೆಗೂ ಮಾವನಿಗೆ ವಿಮಾನದ ಕಥೆ ಹೇಳುತ್ತಿದ್ದ. ವಿಮಾನದ ರೆಕ್ಕೆಗೂ ಎಡಕ್ಕೆ ಕೆಂಪು, ಬಲಕ್ಕೆ ಹಸಿರಂತೆ. "ಹಂಗಾರೆ ನಮ್ ಬೋಟ್ ಕಂಡೇ ಕಲ್ತದ್ ಅವ್ರ್!" ಎಂದು ಚಂದ್ರ ಬಸ್ಸಿಡೀ ಕೇಳುವಂತೆ ನಕ್ಕ. ಆ ಮಾತಿಗೂ ಗೇಲಿ ಮಾಡಲು ನನಗೆ ಮಾತ್ರ ಮನಸ್ಸು ಬರಲಿಲ್ಲ. ಇಷ್ಟು ವರ್ಷ ಆಡಿದ್ದೇ ಹೆಚ್ಚಾಗಿತ್ತು.

ಮಗ ತರಬೇತಿಗೆ ಹೊರಟ ದಿನ ಪೆಟ್ಟಿಗೆಯ ಅಡಿಯಿಂದ ಆ ಹಸಿರು ಸೀರೆ ತೆಗೆದು ಉಟ್ಟುಕೊಂಡೆ. ಮಡಿಕೆ ಕೊಂಚ ಪಿಸಿದಿತ್ತು. ಬಸ್‌ಸ್ಟ್ಯಾಂಡಿನಲ್ಲಿ ಚಂದ್ರ ನನ್ನನ್ನು ಕೆಳಗೆ ಮೇಲೆ ನೋಡಿದ.

"ಹೊಸ್ತಾ ಅಕ್ಕ?"

"ನೀನೇ ತಂದದ್ದ್ ಮರಾಯ, ನನ್ ಮದಿಗೆ. ಆವತ್ತ್ ಮುಖಕ್ಕೆ ಎಸ್ದದ್ದ್ ತಪ್ಪಾಯ್ತ್."

ಅವನು ಸೆರಗಿನ ತುದಿ ಹಿಡಿದು ನೋಡಿದ. "ಚಂದ ಕಾಂತ್ ಅಕ್ಕ" ಎಂದ. "ಆವತ್ತೂ ಚಂದ ಕಂಡಿತ್ತ್. ಅದಕ್ಕೇ ತಂದದ್ದ್."